ಎಮ್ಮೆಗಳು ತುಳಿದ ಹೊಂಡ

ನನ್ನ ಮೊಮ್ಮಗಳು ನಾಲ್ಕನೇ ಇಯತ್ತೆ. ನಾನು ಸಾಲಿ ಬಿಟ್ಟದ್ದೂ ಅಲ್ಲೇ. ಹಾಗಾಗಿ ಈ ವರ್ಷದ ಮಟ್ಟಿಗಾದರೂ ಅವಳ ಪ್ರಶ್ನೆಗೆ ಹೆದರುವ ಕಾರಣ ಇಲ್ಲ ಅಂದುಕೊಂಡಿದ್ದೆ. ಆರಿದ್ರಾ ಮಳೆ ಹಿಡಿದಿದ್ದ ಒಂದು ಸಂಜೆ, ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯಲ್ಲಿ ನಾನು ರೊಟ್ಟಿಗೆ ಎಸರಿಟ್ಟಿದ್ದೆ. ಅವಳು ಚೀಲವನ್ನು ಸೋಫಾದ ಮೇಲೆ ಒಗೆದು ಅಡಿಗೆಮನೆಗೆ ಬಂದಳು.

"ಆಯಿ, ಕೆರಿ ತಾನ ಹೆಂಗ ಆಗತೈತಿ?"

"ತಾನ ಯಾವದೂ ಆಗಂಗಿಲ್ಲ. ರೊಟ್ಟಿ ತಾನ ಆಗತೈತೇನು?"

"ಟೀಚರ್ ಹೇಳ್ಯಾರ. ಕಿಲ್ಲಾದ ಬಾಜೂಕಿನ ಕೋಟಿ ಕೆರಿಯಂಥಾವು ಮಂದಿ ಮಾಡಿದ್ದು, ಕೆಲವು ತಾವ ಆಗಿದ್ದು. ತಾವ ಆಗಿದ್ದು ಹೆಂಗ ಆದವು ಅಂತ ಮನ್ಯಾಗ ಕೇಳಿ ಬರಕೊಂಡು ಬರ್ರಿ ಅಂದಾರ."

ಸೊಸೆ ಆಗಷ್ಟೇ ಆಫೀಸಿನಿಂದ ಬಂದು ತೊಯ್ದ ರೇನ್‌ಕೋಟ್ ಬಾಗಿಲಿಗೆ ಸಿಗಿಸುತ್ತಿದ್ದಳು. ಅಲ್ಲಿಂದಲೇ ಅಂದಳು, "ನಿಮ್ಮ ಆಯೀನ್ನ ಕೇಳು. ಅವರ ತವರಮನಿ ಹೊಲದಾಗ ಅಂಥಾದ್ದೊಂದು ಐತಿ."

ಐತಿ ಅನ್ನುವುದು ಖರೇ. ಖಾನಾಪುರದ ಆಚೆ ಬೀಡಿ ಅನ್ನುವ ಊರಿನ ಹತ್ತಿರ ನನ್ನ ತವರಿನ ಹೊಲ. ಈಗ ತಮ್ಮ ನೋಡಿಕೊಳ್ಳುತ್ತಾನೆ. ಹೊಲದ ಇಳಿಜಾರು ಮುಗಿಯುವ ಮೂಲೆಯಲ್ಲಿ ಒಂದು ಹೊಂಡ. ಒಡ್ಡಿಲ್ಲ, ಕಲ್ಲು ಕಟ್ಟಿಲ್ಲ, ಯಾರೂ ತೋಡಿದ್ದಲ್ಲ. ನಮ್ಮ ಅಪ್ಪನ ಅಜ್ಜನಿಗೂ ಅದು ಹಾಗೆಯೇ ಸಿಕ್ಕಿತ್ತಂತೆ. ಮಳೆಗಾಲಕ್ಕೆ ತುಂಬಿ, ಹೋಳಿ ಹುಣ್ಣಿಮೆ ದಾಟುವ ತನಕ ನೀರು ಇಟ್ಟುಕೊಳ್ಳುತ್ತದೆ. ನಾನು ಅಲ್ಲಿ ಅರಿವೆ ಒಗೆದಿದ್ದೇನೆ, ಎಮ್ಮೆ ತೊಳೆದಿದ್ದೇನೆ, ಅವ್ವನ ಕಣ್ಣು ತಪ್ಪಿಸಿ ಈಜಿದ್ದೇನೆ. ಅದು ಎಲ್ಲಿಂದ ಬಂತು ಅಂತ ಮಾತ್ರ ಒಂದು ದಿನವೂ ಕೇಳಿದವಳಲ್ಲ. ಇದ್ದದ್ದನ್ನು ಯಾರು ಕೇಳುತ್ತಾರೆ.

ಆದರೂ ಹಿರಿಯಳಾದ ಮೇಲೆ ಏನಾದರೂ ಹೇಳಬೇಕಲ್ಲ. ಪರಾತದಲ್ಲಿ ಜೋಳದ ಹಿಟ್ಟು ಗುಡ್ಡೆ ಹಾಕಿದ್ದೆ. ಒಂದು ಬದಿಗೆ ಮುಷ್ಟಿ ಊರಿ ತಗ್ಗು ಮಾಡಿದೆ.

"ಇದು ಭೂಮಿ. ಇದು ತಗ್ಗು. ಮಳಿ ಬರಸು."

ಅವಳು ಒಂದು ವಾಟಿ ತಣ್ಣೀರು ಹಾಕಿದಳು. ಹಿಟ್ಟು ಗುಳುಗುಳು ಅಂತ ಕುಡಿದುಬಿಟ್ಟಿತು.

"ಎಲ್ಲೈತಿ ನಿನ್ನ ಕೆರಿ?"

"ಭೂಮಿ ಕುಡೀತು."

"ನೋಡಿದ್ಯಾ. ಬರೇ ತಗ್ಗಿದ್ರ ಸಾಲಂಗಿಲ್ಲ."

ಆಮೇಲೆ ಎಸರು ಸುರುವಿ, ನಾದಿ, ಒಂದು ಮುದ್ದೆ ಮಾಡಿ, ಅದರ ನಡುವೆ ಹೆಬ್ಬೆರಳು ಒತ್ತಿ ಕೊಟ್ಟೆ. ಅದರೊಳಗೆ ಹನಿ ಹನಿಯಾಗಿ ನೀರು ಬಿಟ್ಟಳು. ನೀರು ನಿಂತಿತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಓರೆ ಮಾಡಿ ನೋಡಿದಳು, ನೇರ ಮಾಡಿ ನೋಡಿದಳು. ನಾನು ಗೆದ್ದೆ ಅಂದುಕೊಂಡು ರೊಟ್ಟಿ ಬಡಿಯಲು ಕುಂತೆ.

"ಆದ್ರ ಆಯಿ, ಹೊಲದಾಗಿನ ಹೊಂಡದ ತಳಾ ಯಾರ ನಾದತಾರ?"

ಗೊತ್ತಿಲ್ಲ ಅಂತ ಹೇಳಬಹುದಿತ್ತು. ಬದಲಿಗೆ, "ರವಿವಾರ ಕರಕೊಂಡು ಹೋಗತೇನಿ, ನೀನ ಕಣ್ಣಿಲೆ ನೋಡು" ಅಂದೆ. ಹಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಸೀದಿತ್ತು.

ರವಿವಾರ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿ, ಅಲ್ಲಿಳಿದು ಬೀಡಿ ಬಸ್ಸು ಹಿಡಿದೆವು. ಖಾನಾಪುರದಲ್ಲಿ ಮಲಪ್ರಭಾ ಕೆಂಪಗೆ ತುಂಬಿ ಹರಿಯುತ್ತಿತ್ತು. ಹೊಳೆಯನ್ನು ನೋಡಿದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮ ಹೊಂಡ ಈಗ ದಂಡೆ ಮಟ ಇರತೈತಿ, ಆಕಾಶ ಅದರೊಳಗ ಕಾಣತೈತಿ, ಎಮ್ಮಿ ಮೂಗಷ್ಟ ಮ್ಯಾಲ ಇಟಗೊಂಡು ಕುಂತಿರತಾವು ಅಂತ ದಾರಿಯುದ್ದಕ್ಕೂ ಹೊಗಳಿದೆ. ಹುಡುಗಿ ಕೇಳಿದಳು, ನಂಬಿದಳು.

ತಮ್ಮನ ಹೆಂಡತಿ ಅಂಗಳದಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಖಾನಾಪುರದ ಪಡುವಣ ಕಡೆಯ ಮರಾಠಿ ಮನೆತನದ ಹೆಣ್ಣು ಆಕೆ. ನಮ್ಮನೆಗೆ ಬಂದು ಮನುಷ್ಯರ ಜತೆ ಕನ್ನಡ ಕಲಿತಳು, ಎಮ್ಮೆಗಳ ಜತೆ ಮಾತ್ರ ಇವತ್ತಿಗೂ ಮರಾಠಿಯೇ. ಎರಡು ಎಮ್ಮೆ, ಒಂದು ಮುದುಕಿ, ಒಂದು ಅದರ ಮಗಳು. ಆ ಹಾಲನ್ನು ಕಾಯಿಸಿ ಖವಾ ಮಾಡಿ ಖಾನಾಪುರದ ಮಿಠಾಯಿ ಅಂಗಡಿಗೆ ಕಳಿಸುತ್ತಾಳೆ. ಮದುವೆಯಾಗಿ ಬಂದಾಗಿನಿಂದ ಕೊಟ್ಟಿಗೆ ಖಾಲಿ ಬಿಟ್ಟವಳಲ್ಲ.

"ಬರ್ರಿ ಅಕ್ಕಾರ. ಚಹಾ ಇಡತೇನಿ, ಕುಂದರ್ರಿ."

"ಮೊದಲ ಹುಡುಗೀಗೆ ಹೊಂಡ ತೋರಿಸಿ ಬರತೇನಿ. ಅದಕ್ಕಂತನ ಬಂದೇವಿ."

ಆಕೆ ಬಾಗಿಲ ಮುಂದೆ ನಿಂತಿದ್ದ ಗಂಡನ ಕಡೆ, ಅಂದರೆ ನನ್ನ ತಮ್ಮನ ಕಡೆ, ನೋಡಲಿಲ್ಲ, ಎಮ್ಮೆಯ ಕಡೆ ತಿರುಗಿದಳು. ಹುಡುಗಿಗೂ ತಿಳಿಯಲಿ ಅಂತಲೋ ಏನೋ, ಅವತ್ತು ಎಮ್ಮೆಯ ಜತೆಗೂ ಕನ್ನಡದಲ್ಲೇ ಮಾತಾಡಿದಳು. "ಕೇಳಿದ್ಯಾ? ಹೊಂಡ ನೋಡಾಕ ಬೆಳಗಾವಿಯಿಂದ ಬಂದಾರ. ನೋಡಲಿ ಬಿಡು. ನೋಡೂವಂಗ ಮಾಡಿ ಇಟ್ಟಾರ."

ತಮ್ಮ ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದ. ಚಪ್ಪಲಿ ಅವನ ಕಾಲಲ್ಲೇ ಇತ್ತು.

ಹೋಗಿ ನೋಡಿದರೆ ಅಲ್ಲಿ ಹೊಂಡವೇ ಇರಲಿಲ್ಲ. ಮೊದಲಿನದಕ್ಕಿಂತ ಎರಡು ಪಟ್ಟು ಆಳದ, ಗೋಡೆ ಕಡಿದ ಹಾಗೆ ನೆಟ್ಟಗೆ ನಿಂತ ಒಂದು ತಗ್ಗು ಇತ್ತು. ಬದಿಗಳ ಮೇಲೆ ಜೆಸಿಬಿಯ ಹಲ್ಲಿನ ಗೆರೆ. ತಳದಲ್ಲಿ ಹರಳು ಹರಳಾದ ಕೆಂಪು ಗರಸು ಮಣ್ಣು, ಅದರ ನಡುವೆ ಒಂದು ಬೊಗಸೆಯಷ್ಟು ನೀರು. ಮೇಲಿಂದ ಮಳೆ ಸುರಿಯುತ್ತಲೇ ಇತ್ತು.

ಹುಡುಗಿ ಕೊಡೆಯ ಕೆಳಗಿಂದ ಬಗ್ಗಿ ನೋಡಿ ಅಂದಳು, "ಆಯಿ, ಇದು ಬರೇ ತಗ್ಗು."

ತಮ್ಮ ಹೇಳಿದ. ನಾಲ್ಕಾರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹೊಂಡ ಒಣಗಿದಾಗ ತಳದ ರಾಡಿ ತೆಗೆದು ಹೊಲಕ್ಕೆ ಹಾಕುವುದು ನಮ್ಮ ಕಡೆಯ ಪದ್ಧತಿ. ಆ ಮಣ್ಣು ಬಿದ್ದ ಹೊಲಕ್ಕೆ ಗೊಬ್ಬರ ಕಡಿಮೆ ಸಾಕು. ನಮ್ಮ ಅಪ್ಪನ ಕಾಲಕ್ಕೆ ಸಲಿಕೆ, ಬುಟ್ಟಿ, ತಲೆ. ಈ ಸಲ ಊರ ರಸ್ತೆ ಕೆಲಸಕ್ಕೆ ಜೆಸಿಬಿ ಬಂದಿತ್ತು, ಇವನೂ ಅದನ್ನು ಹೊಲಕ್ಕೆ ಕರೆದ. ಕಪ್ಪು ಮಣ್ಣು ಬೆಣ್ಣೆಯ ಹಾಗೆ ಬಂತು. ತೆಗಿ ಅಂದ. ಕೆಳಗೆ ಗರಸು ಬಂತು, ಮನೆ ದಾರಿಗೆ ಹಾಕಲು ಚಲೋ ಆತು, ಅದನ್ನೂ ತೆಗಿ ಅಂದ. ಹೊಂಡ ದೊಡ್ಡದಾದರೆ ನೀರೂ ಹೆಚ್ಚು ನಿಲ್ಲುತ್ತದೆ ಅನ್ನುವುದು ಅವನ ಲೆಕ್ಕ. ಮಿರಗದ ಮಳೆಗೆ ತುಂಬಿತು. ಊರವರು ಬಂದು ನೋಡಿ ಹೊಗಳಿ ಹೋದರು. ಎರಡು ದಿನದಲ್ಲಿ ಇಂಗಿ ಹೋಯಿತು. ಆರಿದ್ರಾಕ್ಕೂ ಅದೇ ಹಾಡು.

"ಗಡಿಗಿ ದೊಡ್ಡದ ಮಾಡಾಕ ಹೋಗಿ ತಳಾನ ಕಿತ್ತಿ," ಅಂದೆ.

"ನಿನಗ ಗೊತ್ತಿತ್ತೇನ ಅಕ್ಕಾ, ಹಿಂಗ ಆಗತೈತಂತ?"

"ಇಲ್ಲ."

"ಮತ್ತ?"

ಮತ್ತೇನು. ಗೊತ್ತಿರಲಿಲ್ಲ, ಅದೂ ಖರೇ. ಆಮೇಲೆ ಅವನೇ ಅಂದ, "ಸಲಿಕಿಗೆ ಕೆಂಪ ಹತ್ತಿತಂದ್ರ ಬಿಡ್ರಿ ಅಂತಿದ್ದ ಅಪ್ಪ. ಅವನಿಗೆ ಹಸಿವ್ಯಾಗಿರಬೇಕು, ಊಟಕ್ಕ ಅವಸರ ಮಾಡತಾನ ಅನಕೊಂಡಿದ್ದೆ ನಾನು."

ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಪ್ಪ ಯಾಕೆ ಅಂತ ಹೇಳುವ ಮನುಷ್ಯನಲ್ಲ, ನಾವು ಯಾಕೆ ಅಂತ ಕೇಳುವ ಮಕ್ಕಳಲ್ಲ.

"ನೀರೇನ ಎಲ್ಲೂ ಓಡಿ ಹೋಗಿಲ್ಲ," ತಮ್ಮ ಅಂದ. "ಬಾವಿ ನೋಡು, ಯಾವ ವರ್ಷವೂ ಇಷ್ಟ ಲಗೂ ಏರಿಲ್ಲ."

ಅವನ ಹೆಂಡತಿ ಹಿಂದಿನಿಂದ ಎಮ್ಮೆ ಹೊಡೆದುಕೊಂಡು ಬಂದಿದ್ದಳು. ಮುದಿ ಎಮ್ಮೆಯ ಕಿವಿ ಹಿಡಿದು ಅದಕ್ಕೆ ಹೇಳಿದಳು, "ಸುದ್ದಿ ಕೇಳಿದ್ಯಾ? ಇನ್ನ ನಿನ್ನ ಬಾವ್ಯಾಗ ಇಳಸತಾರಂತ. ಹಗ್ಗ ಗಟ್ಟಿ ನೋಡಿ ಕಟ್ಟರಿ ಅಂತ ಹೇಳು."

ಜೆಸಿಬಿ ಹೋದಾಗಿನಿಂದ ಆಕೆ ಗಂಡನ ಜತೆ ನೇರ ಮಾತು ಬಿಟ್ಟಿದ್ದಳು. ಹೇಳಬೇಕಾದ್ದೆಲ್ಲ ಎಮ್ಮೆಯ ಕಿವಿಯಲ್ಲಿ. ಸುಮ್ಮನೆ ಸಿಟ್ಟಲ್ಲ ಅದು. ಎಮ್ಮೆಗೆ ಆಕಳ ಹಾಗೆ ಬೆವರಲು ಬರುವುದಿಲ್ಲ. ಬಿಸಿಲು ಏರಿದರೆ ನೀರಲ್ಲಿ ಕೂರಬೇಕು, ರಾಡಿ ಮೆತ್ತಿಕೊಳ್ಳಬೇಕು. ಇಲ್ಲದಿದ್ದರೆ ಚರ್ಮ ಬಿರಿಯುತ್ತದೆ, ಹಾಲು ಇಳಿಯುತ್ತದೆ. ಹೊಳೆಗೆ ಹೊಡೆದುಕೊಂಡು ಹೋಗಬೇಕೆಂದರೆ ಮುದುಕಿಗೆ ಅಷ್ಟು ನಡೆಯುವ ಶಕ್ತಿಯಿಲ್ಲ. ಬಾವಿಯ ನೀರು ಕುಡಿಯಲು ಆದೀತು, ಎಮ್ಮೆ ಮುಳುಗಿಸಲು ಆದೀತೇ. ಎಮ್ಮೆ ವ್ಯಾಪಾರಿ ಆಗಲೇ ಬಂದು, ಹಲ್ಲು ನೋಡಿ, ಎರಡನ್ನೂ ಕೇಳಿ ಹೋಗಿದ್ದ. ಹಸ್ತದ ಮಳೆ ಮುಗಿಯಲಿ, ಆಮೇಲೆ ಹೇಳತೇನಿ ಅಂತ ಆಕೆ ಹೇಳಿ ಕಳಿಸಿದ್ದಳು. ಹಸ್ತ ಅಂದರೆ ದಸರೆ ಹೊತ್ತಿನ ಕಡೆಯ ದೊಡ್ಡ ಮಳೆ; ಅದರೊಳಗೆ ಹೊಂಡ ನೀರು ಹಿಡಿದರೆ ಎಮ್ಮೆ ಉಳಿದವು, ಹಿಡಿಯದಿದ್ದರೆ ಹೋದವು.

"ಪ್ಲಾಸ್ಟಿಕ್ ಹಾಸಿದ್ರ?" ಅಂತ ಕೇಳಿದೆ. ಕೃಷಿಹೊಂಡಕ್ಕೆ ಹಾಸುವುದನ್ನು ಬಸ್ಸಿನಿಂದ ಕಂಡಿದ್ದೆ.

"ಎಮ್ಮಿ ಗೊರಸು, ಅಕ್ಕಾ," ಅಂದ ತಮ್ಮ. "ಒಂದ ದಿನ ತಡಿಯೂದಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲೂ ಹುಡುಗಿ ತನ್ನ ಪ್ರಶ್ನೆ ಬಿಡಲಿಲ್ಲ. ಜೆಸಿಬಿ ಕಿತ್ತದ್ದು ಸರಿ, ಆದರೆ ಅದನ್ನು ಮೊದಲು ಹಾಕಿದ್ದು ಯಾರು?

ರಾತ್ರಿ ಊಟವಾದ ಮೇಲೆ ಸೊಸೆ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಅವಳು ವಾರವಿಡೀ ಆಫೀಸಿನಲ್ಲಿ ದಣಿದಿದ್ದರೂ ಮಗಳಿಗೆ ಓದಿ ಹೇಳುವಾಗ ಬೇಸರ ಮಾಡುವವಳಲ್ಲ, ಆ ಪುಣ್ಯ ನಮ್ಮದು. ಕೆಲವು ಕಡೆ ನೆಲವೇ ಕುಸಿದು ತಗ್ಗು ಬೀಳುತ್ತದಂತೆ. ಚಳಿದೇಶಗಳಲ್ಲಿ ಗುಡ್ಡದಷ್ಟು ಮಂಜುಗಡ್ಡೆ ಜಾರುತ್ತ ಬಂಡೆಯನ್ನು ಕೆತ್ತಿ ಹೋಗುತ್ತದಂತೆ, ಕರಗಿದ ಮೇಲೆ ಆ ಕೆತ್ತಿದ ಜಾಗ ಕೆರೆಯಾಗುತ್ತದಂತೆ. ಬೆಂಕಿ ಉಗುಳಿದ ಗುಡ್ಡದ ಬಾಯಲ್ಲಿ ನೀರು ತುಂಬಿ ಕೆರೆಯಾಗಿದ್ದೂ ಉಂಟಂತೆ. ಹೊಳೆ ಸೊಟ್ಟಗೆ ಹರಿಯುವಲ್ಲಿ ಒಂದು ದಿನ ನೆಟ್ಟಗೆ ದಾರಿ ಮಾಡಿಕೊಂಡು ಹೋದರೆ, ಬಿಟ್ಟುಹೋದ ಸೊಟ್ಟ ತುಂಡು ಕೆರೆಯಾಗಿ ಉಳಿಯುತ್ತದಂತೆ.

"ಇದು ನನಗ ಗೊತ್ತು," ಅಂದೆ. "ಹೊಳಿ ಬಿಟ್ಟ ಹಾದಿ ಅಂತೇವಿ ನಾವು. ಚಳಿಗಾಲದ ತನಕ ಅದರಾಗ ನೀರ ಇರತೈತಿ."

"ಮತ್ತ ನಮ್ಮದು?" ಹುಡುಗಿ ಕೇಳಿದಳು. "ನಮ್ಮ ಹೊಂಡಕ್ಕ ಮಂಜೂ ಇಲ್ಲ, ಬೆಂಕೀನೂ ಇಲ್ಲ."

ಸೊಸೆ ಇನ್ನಷ್ಟು ಓದಿದಳು. ಇಳಿಜಾರಿನಿಂದ ಓಡಿ ಬರುವ ನೀರು ಮಣ್ಣು ಹೊತ್ತು ತರುತ್ತದೆ. ತಗ್ಗಿನಲ್ಲಿ ಬಂದು ನಿಂತಾಗ ಮೊದಲು ಹರಳು ಕೆಳಗಿಳಿಯುತ್ತದೆ, ಆಮೇಲೆ ಮರಳು. ಎಲ್ಲಕ್ಕಿಂತ ಕಡೆಗೆ ಇಳಿಯುವುದು ಹಿಟ್ಟಿನಂಥ ನಯ ಮಣ್ಣು. ಅದು ಸಂದುಗೊಂದುಗಳಲ್ಲಿ ಕುಂತು ತೂತು ಮುಚ್ಚುತ್ತದೆ. ವರ್ಷವರ್ಷ ಒಂದೊಂದು ಪದರ.

ಇದನ್ನು ನಾನು ಕಂಡಿದ್ದೆ, ಕಂಡದ್ದು ಇದೇ ಅಂತ ಗೊತ್ತಿರಲಿಲ್ಲ ಅಷ್ಟೆ. ಮಳೆಗಾಲದಲ್ಲಿ ಹೊಳೆಯ ನೀರು ತಂದು ಹಂಡೆಗೆ ಹಾಕಿದರೆ ಬೆಳಿಗ್ಗೆ ತಳದಲ್ಲಿ ಜಿಗುಟು ರಾಡಿ. ತಿಕ್ಕಿ ತಿಕ್ಕಿ ಕೈ ಸೋಲುತ್ತಿತ್ತು. ಹಂಡೆಯೊಳಗಿನ ಆ ರಾಡಿಯೇ ಹೊಂಡಕ್ಕೆ ತಳ. ಇಷ್ಟು ತಿಳಿದ ಮೇಲೆ ಮಿಕ್ಕಿದ್ದು ನನಗೂ ಹೊಳೆಯಿತು. ರಾಡಿ ಬಂದರೆ ನೀರು ನಿಲ್ಲುತ್ತದೆ, ನೀರು ನಿಂತರೆ ಎಮ್ಮೆ ಬರುತ್ತದೆ. ಎಮ್ಮೆ ಸುಮ್ಮನೆ ಕೂರುವ ಪ್ರಾಣಿಯೇ. ಹೊರಳುತ್ತದೆ, ತುಳಿಯುತ್ತದೆ. ಏಳುವಾಗ ಮೈತುಂಬ ರಾಡಿ ಬಳಿದುಕೊಂಡು ಹೋಗಿ ಬೇರೆ ಕಡೆ ಉದುರಿಸುತ್ತದೆ. ಹಾಗೆ ತಗ್ಗು ತುಸು ಆಳವಾಗುತ್ತದೆ, ತಳ ತುಸು ಗಟ್ಟಿಯಾಗುತ್ತದೆ. ಮರುವರ್ಷ ಇನ್ನಷ್ಟು ನೀರು, ಇನ್ನಷ್ಟು ಎಮ್ಮೆ.

"ಅಂದ್ರ ಎಮ್ಮಿ ನಾದತಾವು," ಅಂದಳು ಹುಡುಗಿ.

"ಎಮ್ಮಿ ನಾದತಾವು."

"ತಗ್ಗು ಮೊದಲೋ ನೀರು ಮೊದಲೋ ಆಯಿ?"

"ನಾನು ಆಗ ಹುಟ್ಟಿರಲಿಲ್ಲ. ಮಲಕೋ."

ಅವಳು ಅದನ್ನೆಲ್ಲ ಬರೆದುಕೊಂಡು ಹೋದಳು. ಟೀಚರ್ ತರಗತಿಯ ಮುಂದೆ ನಿಲ್ಲಿಸಿ ಓದಿಸಿದರಂತೆ. ಸಾಲಿಯ ಕೆಲಸ ಅಲ್ಲಿಗೆ ಮುಗಿಯಿತು. ಎಮ್ಮೆಗಳ ಕೆಲಸ ಉಳಿದಿತ್ತು.

ಶ್ರಾವಣದ ಸುರುವಿಗೆ ತಮ್ಮನ ಫೋನು ಬಂತು. ಪುಷ್ಯದ ಮಳೆಯೂ ಇಂಗಿತ್ತು. ನಾನು ಏನು ಹೇಳಬೇಕು ಅಂತ ಹುಡುಕುತ್ತಿದ್ದಾಗ ಹುಡುಗಿ ಫೋನು ಕಸಿದುಕೊಂಡಳು.

"ಅಜ್ಜಾ, ಎಮ್ಮಿಗೋಳಿಗೆ ಹೇಳು, ಮತ್ತೊಮ್ಮಿ ಮಾಡಲಿ. ಮೊದಲ ಅವ ಮಾಡ್ಯಾವು."

ತಮ್ಮ ನಕ್ಕದ್ದು ನನಗೂ ಕೇಳಿಸಿತು. "ಅವು ನೂರ ವರ್ಷ ಮಾಡ್ಯಾವವ್ವ. ನಮ್ಮ ಕಡೆ ಹಸ್ತದ ತನಕ ಟೈಮ್ ಐತಿ." ಏನೋ ಹೊಳೆದವನ ಹಾಗೆ ತಟ್ಟನೆ, "ಆಯೀ ಕಡೆ ಕೊಡು" ಅಂದ.

"ಅಕ್ಕಾ, ನಾಟಿಗೆ ಮೊದಲ ಗದ್ದಿ ತುಳಸತೇವಿ. ರಾಡಿ ಮಾಡಿದ ಮ್ಯಾಲ ಗದ್ದ್ಯಾಗ ನೀರ ನಿಂದರತೈತಿ. ಹಂಗ ಹೊಂಡಾ ತುಳಸಿದ್ರ?"

"ತುಳಸಾಕ ಮಣ್ಣ ಬೇಕಲ್ಲೋ. ಗರಸ ತುಳಸತಿಯೇನು?"

"ಬದುವಿನ ಮ್ಯಾಲ ಗುಂಪಿ ಹಾಕಿದ್ದು ಇನ್ನೂ ಐತಿ. ಸಾಲದಿದ್ರ ಹೊಲದಾಗ ಹರಡಿದ್ದನ್ನ ಕೆರದ ತರತೇನಿ."

"ಮಂದಿ ನಗತಾರ."

"ನಗಾಕತ್ತಾರ ಆಗಲೇ. ಇನ್ನೊಂದ ನಾಕ ದಿನ ನಗಲಿ."

ಮಳೆ ಹೊರಪು ಕೊಟ್ಟು ಬಿಸಿಲು ಬಿದ್ದ ವಾರ, ಸೊಸೆ ಶನಿವಾರದ ರಜೆ ಹಾಕಿ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದಳು. ಅಷ್ಟರಲ್ಲಿ ತಮ್ಮ ನೆಟ್ಟಗಿದ್ದ ಬದಿಗಳನ್ನು ಕಡಿದು ಇಳಿಜಾರು ಮಾಡಿಸಿದ್ದ, ಎಮ್ಮೆ ಇಳಿಯಲು ಬರಬೇಕಲ್ಲ. ತಳಕ್ಕೆ ಕಪ್ಪು ಮಣ್ಣು ತಂದು ಸುರಿದಿದ್ದ. ಹೊಲಕ್ಕೆ ಹಾಕಿದ ಮಣ್ಣನ್ನು ತಿರುಗಿ ಹೊತ್ತ ಮೊದಲ ರೈತ ಅಂತ ಊರಲ್ಲಿ ಅವನ ಹೆಸರಾಗಿತ್ತು.

ಎರಡು ಎಮ್ಮೆಯಿಂದ ಆಗುವ ಕೆಲಸವಲ್ಲ ಅದು. ಬಾಜುವಿನ ಹೊಲದವನು ತನ್ನ ಎಮ್ಮೆಗಳನ್ನೆಲ್ಲ ಹೊಡೆದುಕೊಂಡು ಬಂದ. ಅವನದು ಮುಸಲ್ಮಾನರ ಮನೆತನ, ನಮ್ಮಷ್ಟೇ ಹಳೆಯದು. ಅವರ ದನ ಮೊದಲಿನಿಂದ ನಮ್ಮ ಹೊಂಡದಲ್ಲೇ ನೀರು ಕುಡಿಯುವುದು. ಕರೆಯದೇ ಬಂದೆಯಲ್ಲಪ್ಪ ಅಂತ ಅಂದೆ.

"ಕರಿಯೂದೇನ ಬಂತ್ರಿ ಅಕ್ಕಾ. ಹೊಂಡ ನಿಮ್ಮದು ಅಂತ ನಿಮಗ ಗೊತ್ತು, ನನಗ ಗೊತ್ತು. ನಮ್ಮ ಎಮ್ಮಿಗೋಳಿಗೆ ಯಾರ ಹೇಳ್ಯಾರ?"

ತಮ್ಮ ಬಾವಿಯ ಪಂಪು ಚಾಲೂ ಮಾಡಿ ಮಣ್ಣು ನೆನೆಸಿದ. ಎಮ್ಮೆಗಳನ್ನು ಇಳಿಸಿದರು. ನಾವು ಅಂದುಕೊಂಡದ್ದು ಅವು ಸುತ್ತ ತಿರುಗುತ್ತವೆ ಅಂತ. ಎಮ್ಮೆಗಳು ಅಂದುಕೊಂಡದ್ದು ಬೇರೆ. ಬೇಸಿಗೆಯಿಂದ ರಾಡಿ ಕಾಣದ ಪ್ರಾಣಿಗಳು, ಇಳಿದವೇ ಮಲಗಿಬಿಟ್ಟವು. ಒಂದೊಂದೂ ಒಂದೊಂದು ಬಂಡೆಯ ಹಾಗೆ. ತಮ್ಮ ಬಾಲ ತಿರುವಿದ, ಬಾಜುವಿನವನು ಉರ್ದುವಿನಲ್ಲಿ ಬೇಡಿಕೊಂಡ. ಕಣ್ಣು ಮುಚ್ಚಿ ಮೆಲುಕು ಹಾಕುತ್ತ ಕುಂತವು.

ಆಗ ತಮ್ಮನ ಹೆಂಡತಿ ಸೀರೆ ಕಚ್ಚೆ ಕಟ್ಟಿ ಇಳಿದಳು. ಮುದಿ ಎಮ್ಮೆಯ ಮುಂದೆ ನಿಂತು ಮರಾಠಿಯಲ್ಲಿ ಏನೋ ಅಂದಳು. ಜೋರಾಗಿ ಅಲ್ಲ. ಮನೆಯ ಹಿರಿಯಳಿಗೆ, ಮಂದಿ ಬಂದಾರ, ಏಳ್ರಿ ಅಂತ ಹೇಳುವ ಹಾಗೆ. ಮುದುಕಿ ಉಸಿರು ಬಿಟ್ಟು ಎದ್ದಿತು. ಆಕೆ ಹಗ್ಗ ಹಿಡಿದು ಮುಂದೆ ನಡೆದಳು, ಅದು ಹಿಂದೆ ನಡೆಯಿತು, ಅದರ ಹಿಂದೆ ಮಗಳು, ಅದರ ಹಿಂದೆ ಬಾಜುವಿನವನ ಎಮ್ಮೆಗಳು. ಒಂದು ಹೊಂಡದಲ್ಲಿ ಮೂರು ಭಾಷೆಯ ಬೈಗಳು ಕೇಳುತ್ತ ಅವು ಸುತ್ತು ಹಾಕಿದವು. ಒಂದು ಪದರ ಹಣ್ಣಾದ ಮೇಲೆ ಇನ್ನೊಂದು ಪದರ ಮಣ್ಣು, ಮತ್ತೆ ನೀರು, ಮತ್ತೆ ತುಳಿತ.

ಹುಡುಗಿ ಮೊಣಕಾಲ ಮಟ ರಾಡಿಯಲ್ಲಿ ನಿಂತು ಕೂಗಿದಳು, "ಆಯಿ, ಹಿಟ್ಟ ಹದಕ್ಕ ಬಂತು." ಸೊಸೆ ಮೊದಲು ಫೋಟೋ ತೆಗೆಯುತ್ತಿದ್ದಳು, ಆಮೇಲೆ ಚೂಡಿದಾರ ಏರಿಸಿಕೊಂಡು ತಾನೂ ಇಳಿದಳು. ನನ್ನ ಮೊಣಕಾಲು ಒಪ್ಪಲಿಲ್ಲ. ದಂಡೆಯ ಮೇಲೆ ಕುಂತು, ಅಲ್ಲಿ ತುಳಿದಿಲ್ಲ, ಇಲ್ಲಿ ತುಳಿದಿಲ್ಲ ಅಂತ ಹೇಳುವ ಕೆಲಸ ಇಟ್ಟುಕೊಂಡೆ. ಅದನ್ನೂ ಯಾರಾದರೂ ಮಾಡಬೇಕು.

ಕುಂತಲ್ಲಿ ಒಂದು ಯೋಚನೆ ಬಂತು. ಹೊಸ ನೀರು ಬಂದರೆ ನಾವು ಅರಿಶಿಣ ಕುಂಕುಮ ಏರಿಸುತ್ತೇವೆ, ಬಾಗಿನ ಬಿಡುತ್ತೇವೆ. ತಳದ ರಾಡಿಗೆ ಯಾರೂ ಕೈಮುಗಿದದ್ದನ್ನು ನಾನು ಕಂಡಿಲ್ಲ. ಕಾಲಿಗೆ ಹತ್ತಿದರೆ ಛೀ ಅಂತ ತೊಳೆದುಕೊಂಡು ಬರುತ್ತೇವೆ. ನಾನು ಮದುವೆಯಾಗಿ ಹೋಗುವ ತನಕ ಉಂಡ ಅನ್ನದಲ್ಲಿ, ಕುಡಿದ ಹಾಲಿನಲ್ಲಿ ಅದರ ಪಾಲು ಇತ್ತು. ಆ ಪಾಲು ಎಷ್ಟು ಅಂತ ತಿಳಿಯಲು ಅದನ್ನು ಯಂತ್ರ ಕಿತ್ತೊಗೆಯಬೇಕಾಯಿತು, ಒಂದು ಮಗು ಕೇಳಬೇಕಾಯಿತು. ಈ ವಯಸ್ಸಿನಲ್ಲಾದರೂ ತಿಳಿಯಿತಲ್ಲ, ಅಷ್ಟು ಸಾಕು.

ತುಳಿಸಿದ್ದು ಆಯಿತು, ಇನ್ನು ಮಳೆ ಬರಬೇಕು. ಮಘಾ ಮಳೆ ನೆಲ ತೋಯಿಸಿ ಹೋಯಿತು. ಹುಬ್ಬಾ ಅದನ್ನೂ ಮಾಡಲಿಲ್ಲ. ಬಿಸಿಲಿಗೆ ತಳ ಬಿರಿದರೆ ಮಾಡಿದ್ದೆಲ್ಲ ಹಾಳು ಅಂತ ತಮ್ಮ ಅದರ ಮೇಲೆ ಹುಲ್ಲು ಹರಡಿ, ಆಗಾಗ ಬಾವಿಯ ನೀರು ಚಿಮುಕಿಸಿ ಕಾಪಾಡಿದ. ಬಾವಿ ಏರಿದ್ದು ಅದಕ್ಕಾದರೂ ಉಪಯೋಗಕ್ಕೆ ಬಂತು. ಬೆಳಗಾವಿಯಲ್ಲಿ ನಾವು ಆಕಾಶ ನೋಡುವುದು, ಫೋನು ಮಾಡುವುದು. ಆ ಕಡೆಯಿಂದ ಒಂದೇ ಉತ್ತರ, "ಇನ್ನೂ ಇಲ್ಲ."

ಉತ್ತರಾ ಮಳೆಗೆ ಗೇಣು ನೀರು ಬಂತು. ಮರುದಿನವೂ ಇತ್ತು. ಅದರ ಮರುದಿನ ಒಂದು ಬದಿಯಲ್ಲಿ ಇಳಿಯಿತು. ತಮ್ಮ ಹೋಗಿ ಕುಕ್ಕರುಗಾಲಲ್ಲಿ ಕುಂತು ನೋಡಿದರೆ, ಒಂದು ಜಾಗದಲ್ಲಿ ಗುಳ್ಳೆ ಏಳುತ್ತಿತ್ತು. ಏಡಿಯ ಬಿಲ. ಅದಕ್ಕೆ ಮಣ್ಣು ತುರುಕಿ, ಎಮ್ಮೆಯನ್ನು ಕಾಯದೆ, ತನ್ನ ಕಾಲಿನಿಂದಲೇ ತುಳಿದು ಮುಚ್ಚಿದ. ಹೆಂಡತಿ ದಂಡೆಯ ಮೇಲೆ ನಿಂತು ನೋಡುತ್ತಿದ್ದಳಂತೆ, ಎಮ್ಮೆಯ ಕಿವಿಯಲ್ಲೂ ಏನೂ ಚುಚ್ಚಲಿಲ್ಲವಂತೆ. ಅವನು ನನಗೆ ಫೋನಿನಲ್ಲಿ ಹೇಳಿದ್ದು ಏಡಿಯ ಸುದ್ದಿಗಿಂತ ಹೆಚ್ಚು ಇದನ್ನೇ.

ಆಮೇಲೆ ಹಸ್ತ ಬಂತು. ಸದಾಶಿವನಗರದಲ್ಲಿ ಗಟಾರ ತುಂಬಿ ರಸ್ತೆಗೆ ಬಂತು, ಬಾಜುವಿನ ಮನೆಯವರು ಮೋಟಾರ್ ಸೈಕಲ್ ಎತ್ತಿ ಕಟ್ಟೆಯ ಮೇಲಿಟ್ಟರು. ಎಲ್ಲರೂ ಬೈದರು. ನಾನು, ಮೊಮ್ಮಗಳು ಇಬ್ಬರೇ ಬೈಯದವರು. ಅಷ್ಟು ಮಳೆ ಅಲ್ಲೂ ಆಗಿದೆಯೇ ಅಂತ ಕೇಳಲು ಫೋನು ಮಾಡಿದರೆ ಹತ್ತಲೇ ಇಲ್ಲ. ಮಳೆಗೆ ಲೈನು ಹೋಗಿತ್ತು.

ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ನಾವೆಲ್ಲ ಹೋದೆವು. ಭೂತಾಯಿ ಬಸುರಿಯಾಗಿದ್ದಾಳೆ ಅಂತ ಹೊಲಕ್ಕೆ ಅಡಿಗೆ ಒಯ್ದು, ಮೊದಲ ತುತ್ತು ಭೂಮಿಗೆ ಎರಚುವ ಹಬ್ಬ ಅದು. ಸಜ್ಜಿ ಕಡುಬು, ಪುಂಡಿಪಲ್ಲೆ, ಬುತ್ತಿ, ಎಲ್ಲ ಬುಟ್ಟಿಯಲ್ಲಿ. ಆ ಹೊತ್ತಿಗೆ ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿತ್ತು. ನಾನು ಚರಗದ ಬುಟ್ಟಿ ಕೆಳಗಿಟ್ಟು ಮೊದಲು ಹೊಂಡದ ಮೂಲೆಗೆ ನಡೆದೆ. ಮೊಮ್ಮಗಳು ನನಗಿಂತ ಮುಂದೆ ಓಡಿದ್ದಳು.

ನೀರು ಇತ್ತು. ಮೊದಲಿನಷ್ಟಿಲ್ಲ. ದಂಡೆಯಿಂದ ಸಾಕಷ್ಟು ಕೆಳಗೆ, ಬಣ್ಣ ಇನ್ನೂ ಚಹಾದ ಹಾಗೆ. ಆದರೆ ಮಳೆ ನಿಂತ ಮೇಲೂ ಇತ್ತು. ದಂಡೆಯ ಮೇಲೆ ನೀರು ಇಳಿದ ಗೆರೆ ಹುಡುಕಿದೆ. ಬಿಸಿಲಿಗೆ ಆರುವಷ್ಟು ಆರಿತ್ತು, ಅದಕ್ಕಿಂತ ಹೆಚ್ಚಿಲ್ಲ. ಎಮ್ಮೆಗಳು ನಡುನೀರಿನಲ್ಲಿ ಕುಂತಿದ್ದವು. ಬಾಜುವಿನವನವೂ ಇದ್ದವು.

"ಹೋಳಿ ತನಕ ಬರಲಿಕ್ಕಿಲ್ಲ," ಅಂದ ತಮ್ಮ. "ಶಿವರಾತ್ರಿಗೆ ಮುಗೀತೈತಿ. ಮುಂದಿನ ವರ್ಷ ರಾಡಿ ಕುಂತು ಇನ್ನ ಗಟ್ಟಿ ಆಗತೈತಿ."

"ಶಿವರಾತ್ರಿಯಿಂದ ಮುಂದ?"

"ಮುಂದ ಬಾವಿ ನೀರು ಪಂಪಿನಿಂದ ಮ್ಯಾಲ ಹೊಡೀತೇನಿ. ಮಿರಗದ ತನಕ ಮೂರ್ನಾಕ ತಿಂಗಳ ಮಾತು. ಅಷ್ಟ ನಾ ಮಾಡತೇನಿ."

ಇದನ್ನು ಅವನು ನನಗೆ ಹೇಳಿದರೂ ಜೋರಾಗಿ ಹೇಳಿದ, ಹೆಂಡತಿಗೆ ಕೇಳಲಿ ಅಂತ. ಆಕೆ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಿದ್ದಳು.

ಚರಗ ಚೆಲ್ಲಿದೆವು. ತಮ್ಮ ಹೊಲದ ನಾಲ್ಕೂ ಕಡೆ ಎರಚಿ ಬಂದ. ಕೊನೆಗೆ ಒಂದು ತುತ್ತು ಉಳಿಸಿಕೊಂಡು ಹೊಂಡದ ದಂಡೆಗೆ ಹೋಗಿ, ನೀರಿಗೆ ಎಸೆಯದೆ, ಬಗ್ಗಿ ಅಂಚಿನ ರಾಡಿಯ ಮೇಲೆ ಇಟ್ಟ. ಹೀಗೆ ಮಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಊಟಕ್ಕೆ ಕುಂತಾಗ ತಮ್ಮನ ಹೆಂಡತಿಯ ಫೋನು ಹೊಡೆಯಿತು. ವ್ಯಾಪಾರಿ. ಹಸ್ತ ಮುಗೀತಲ್ಲ ಬಾಯೇರ, ಯಾವಾಗ ಗಾಡಿ ತರಲಿ ಅಂತ ಕೇಳಿದ್ದು ನಮಗೆಲ್ಲ ಕೇಳಿಸಿತು. ತಮ್ಮ ತುತ್ತು ಬಾಯಿಗಿಡದೆ ಕೈಯಲ್ಲೇ ಹಿಡಿದ.

ಆಕೆ ಹೊಂಡದ ಕಡೆ ನೋಡಿದಳು. "ಎಮ್ಮಿ ನೀರಾಗ ಕುಂತಾವ್ರಿ," ಅಂದಳು. "ಹೊರಗ ಬಂದ ಮ್ಯಾಲ ಅವನ್ನ ಕೇಳಿ ಹೇಳತೇನಿ. ಬರೂ ಹಂಗ ಕಾಣವಲ್ಲವು."

ಫೋನು ಇಟ್ಟು, ಕಡುಬಿನ ಡಬ್ಬಿ ಎತ್ತಿಕೊಂಡು ಗಂಡನ ಎಲೆಯ ಮುಂದೆ ಬಂದು ನಿಂತಳು. "ಕೈಯಾಗ ಹಿಡಕೊಂಡ ಏನ ನೋಡಾಕತ್ತೀರಿ? ಉಣ್ರಿ. ಇನ್ನೆರಡು ಹಾಕಲ್ಯಾ?"